ಹೊಲಕ್ಕೆ ಹೋಗದ ಎಳ್ಳಮವಾಸ್ಯೆ

ಎಳ್ಳಮವಾಸ್ಯೆಯ ಮುಂಜಾನೆ ಕಮಲಾಪುರದ ಬಂಡಿಗಳೆಲ್ಲ ಬೆಳೆಯ ನಡುವೆ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲದ ಕಡೆ ಹೊರಟವು. ತಂಗೆಮ್ಮ ಮಾತ್ರ ಏಳು ವರ್ಷದ ಮಗಳು ಕಾಶಮ್ಮನ ಜೊತೆ ಮನೆಯಲ್ಲೇ ಉಳಿದಳು. ಬಿಳಿಜೋಳ ಹೂವಿಗೆ ಬಂತೆಂದರೆ ಸಾಕು, ಹುಡುಗಿಗೆ ಸೀನು ಹತ್ತುತ್ತಿತ್ತು; ಕಣ್ಣು ಕೆಂಪಾಗಿ ಬಾತುಕೊಂಡು ಉಸಿರು ಸುಂಯ್‌ಗುಡುತ್ತಿತ್ತು. ಮೂರು ವರ್ಷ ತಾಯತ ಕಟ್ಟಿಸಿ ಸೋತ ಮೇಲೆ ಕಲಬುರ್ಗಿಯ ನಿಜಾಮಿ ದವಾಖಾನೆಗೆ ಒಯ್ದಿದ್ದಳು. ಅಲ್ಲಿಯ ಹಕೀಮರು, "ಇದು ಗಾಳಿಸೋಕಲ್ಲ ತಾಯಿ, ಜೋಳದ ಹೂವಿನ ಧೂಳು. ಹೂ ಉದುರೋತನಕ ಹುಡುಗೀನ ಹೊಲಕ್ಕ ಒಯ್ಯಬ್ಯಾಡ್ರಿ" ಎಂದಿದ್ದರು.

ಬಂಡಿ ಏರುವಾಗ ಅತ್ತೆ, "ಭೂತಾಯಿಗಿಂತ ನಿನಗ ಹಕೀಮ ದೊಡ್ಡಾಂವ ಆದನೇನ?" ಎಂದಳು. ಗಂಡ ಸೂಗಪ್ಪ ಎತ್ತು ಹೊಡೆದ.

ತಂಗೆಮ್ಮ ಕಿಟಕಿಗೆ ಹಸಿ ಧೋತರ ಕಟ್ಟಿದಳು. ತಣ್ಣೀರಿನಿಂದ ಮಗಳ ಕಣ್ಣು ತೊಳೆದು, ಸಜ್ಜಿ ಕಡಬು, ಭಜ್ಜಿ ಪಲ್ಯ ಬಡಿಸಿದಳು.

"ಅವ್ವಾ, ನನ್ನ ಸಂಬಂಧ ನೀನೂ ಹೋಗಲಿಲ್ಲ ಹೌದಿಲ್ಲೋ?"

"ಇಲ್ಲವ್ವ, ನನಗ ಬಿಸಲು ಆಗೋದಿಲ್ಲ" ಎಂದು ತಂಗೆಮ್ಮ ಸುಳ್ಳು ಹೇಳಿದಳು. ಮಹಾಗಾಂವಕ್ಕೆ ಕೊಟ್ಟ ತನ್ನ ಅಕ್ಕ ಚರಗದ ಊಟಕ್ಕೆ ಬಂದು ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವುದು ಇವತ್ತು, ತಮ್ಮ ಹೊಲದಲ್ಲೇ ಎಂಬುದನ್ನು ಹೇಳಲಿಲ್ಲ.

ಉಂಡ ಕಾಶಮ್ಮ ಅವಳ ತೊಡೆಯ ಮೇಲೆ ನಿದ್ದೆ ಹೋದಳು. ತಂಗೆಮ್ಮ ಬಗ್ಗಿ ಕಿವಿಗೊಟ್ಟಳು. ಮಗಳ ಎದೆ ಹಗುರಾಗಿ ಏರಿಳಿಯುತ್ತಿತ್ತು, ಸುಂಯ್ ಎಂಬ ಸದ್ದೇ ಇರಲಿಲ್ಲ. ನಾಲ್ಕು ವರ್ಷದಲ್ಲಿ ಜೋಳ ಹೂಬಿಡುವ ತಿಂಗಳಲ್ಲಿ ಹುಡುಗಿ ಹೀಗೆ ಮಲಗಿದ್ದು ಇದೇ ಮೊದಲು. ಯಾರಿಗಾದರೂ ಕೂಗಿ ಹೇಳಬೇಕೆನಿಸಿತು. ಓಣಿಯ ಮನೆಗಳಿಗೆಲ್ಲ ಬೀಗ ಬಿದ್ದಿತ್ತು.