ಊರು ಮುರುಕ ಮಣಿ

ಕೊಟ್ರಬಸಪ್ಪನ ಅಂಗಡಿಯ ನಿಂಬೆಹಣ್ಣಿಗೆ ಹೊಸಪೇಟೆಯಲ್ಲಿ ದೇವರಷ್ಟೇ ಮರ್ಯಾದೆ ಇತ್ತು. ಮುತ್ತು, ಹವಳ, ಮಣಿ ಮಾರುವ ಅಂಗಡಿ ಅವನದು. ಗಿರಾಕಿಗೆ ಅನುಮಾನ ಬಂದರೆ ಹಿತ್ತಾಳೆ ಬಟ್ಟಲಿಗೆ ನಿಂಬೆಹಣ್ಣು ಹಿಂಡಿ ಹವಳವನ್ನು ಅದರೊಳಗೆ ಬಿಡುತ್ತಿದ್ದ. ಬಣ್ಣ ಕೆಡದಿದ್ದರೆ ಅಪ್ಪಟ, ಕೆಟ್ಟರೆ ಖೋಟಾ. ಅವನು ಮಾರಿದ ಹವಳ ಒಂದು ದಿನವೂ ಕೆಡಲಿಲ್ಲ. ಜನ ಕಣ್ಣಿಗೆ ಒತ್ತಿಕೊಂಡು ಕೊಂಡೊಯ್ಯುತ್ತಿದ್ದರು.

ಆ ನಿಂಬೆಹಣ್ಣು ನಮ್ಮ ಮನೆ ಹಾಳು ಮಾಡಿತು. ಹದಿನೆಂಟು ವರ್ಷ ನಾನು ಅದನ್ನು ಮರೆಯಲಿಲ್ಲ. ಮರೆಯುವ ಪೈಕಿಯವಳೂ ಅಲ್ಲ ಈ ವಿರುಪಮ್ಮ.

ನನ್ನ ಅಕ್ಕ ಅಕ್ಕನಾಗಮ್ಮನನ್ನು ಕಂಪ್ಲಿಯವರು ಕೇಳಿಕೊಂಡು ಬಂದಿದ್ದರು. ಗದ್ದೆ, ತೋಟ ಇದ್ದ ಮನೆತನ. ನಿಶ್ಚಯದ ದಿನ ಅಕ್ಕನ ಕೊರಳಲ್ಲಿ ಇದ್ದದ್ದು ಒಂದೇ ಒಡವೆ, ತೀರಿಹೋದ ನಮ್ಮವ್ವನ ಹವಳದ ಸರ. ಅದರ ನಡುವಿನ ದೊಡ್ಡ ಹವಳದಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಗುಳಿ ಇತ್ತು. ಅವ್ವ ಅದನ್ನು ಹವಳದ ಕಣ್ಣು ಎನ್ನುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಆ ಕಣ್ಣಿನ ಮೇಲೆ ಬೆರಳಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದೆ.

ಕಂಪ್ಲಿಯವರ ಕಡೆಯಿಂದ ದೊಡ್ಡ ಮನುಷ್ಯ ಎಂದು ಕೊಟ್ರಬಸಪ್ಪನೂ ಬಂದಿದ್ದ. ಅವರು ಸರವನ್ನು ಅವನ ಕೈಗೆ ಕೊಟ್ಟರು. ಅವನು ಬೆಳಕಿಗೆ ಹಿಡಿದ, ತೂಗಿ ನೋಡಿದ, ಆಮೇಲೆ ಒಂದು ನಿಂಬೆಹಣ್ಣು ಕೇಳಿದ. ತಂದುಕೊಟ್ಟವಳು ನಾನೇ. ಸರ ಬಟ್ಟಲಿಗೆ ಬಿದ್ದದ್ದೇ ತಡ ಸಣ್ಣಗೆ ನೊರೆ ಎದ್ದಿತು. ಹೊರಗೆ ತೆಗೆದಾಗ ಹವಳದ ಹೊಳಪೆಲ್ಲ ಹೋಗಿ ಕೆಂಪು ಮಂಕಾಗಿತ್ತು.

"ಸುಣ್ಣಕ್ಕ ಬಣ್ಣ ಬಳದಾರ," ಎಂದ ಕೊಟ್ರಬಸಪ್ಪ.

ಕಂಪ್ಲಿಯವರು ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು. ಅಪ್ಪ ಗಾಡಿಯವರೆಗೂ ಕೈ ಮುಗಿದುಕೊಂಡು ಹೋದ. ಸಂಜೆ ಕೊಟ್ರಬಸಪ್ಪ ಮತ್ತೆ ಬಂದ, ದಯೆ ತೋರಿಸಲು. "ಹುಡುಗಿ ಕೊಳ್ಳು ಬರಿದಾಗಿರಬಾರದು. ಆ ಖೋಟಾ ಸರ ನನಗ ಕೊಡ್ರಿ, ಈ ಅಪ್ಪಟ ಸರ ನೀವು ಇಟ್ಕೊಳ್ರಿ" ಎಂದು ಹೊಸ ಕೆಂಪು ಸರವೊಂದನ್ನು ಅಪ್ಪನ ಕೈಯಲ್ಲಿಟ್ಟು ಅವ್ವನ ಸರ ಒಯ್ದ. ಅಪ್ಪ ಅವನ ಕಾಲಿಗೆ ಬೀಳಲು ಹೋಗಿದ್ದ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಸುಳ್ಳು ಹವಳದ ಮನೆ ಎಂಬ ಹೆಸರು ಬಿತ್ತು. ಅಕ್ಕನನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಎರಡನೆಯ ವರ್ಷ ಅಪ್ಪ ಸತ್ತ. ಆ ಹೊಸ ಸರವನ್ನು ಅಕ್ಕ ಒಂದು ದಿನವೂ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯ ತಳಕ್ಕೆ ಹಾಕಿ ಬರಿಗೊರಳಲ್ಲಿ ಉಳಿದಳು.

ನಿಶ್ಚಯ ಮುರಿದ ಐದು ವರ್ಷದ ಮೇಲೆ ಅವ್ವನ ತಮ್ಮ ಜಡೆಪ್ಪಮಾವ ಊರಿಗೆ ಬಂದ. ಆಫ್ರಿಕಾದಲ್ಲಿ ರೈಲು ಹಾಕುವ ಕೂಲಿಗೆಂದು ಮೊಂಬಾಸಾಕ್ಕೆ ಹೋದವನು, ಅಲ್ಲೇ ಒಬ್ಬ ಗುಜರಾತಿಯ ಅಂಗಡಿಯಲ್ಲಿ ಉಳಿದುಬಿಟ್ಟಿದ್ದ. ನಮ್ಮ ಕಥೆ ಕೇಳಿ ಸರ ತೋರಿಸು ಎಂದ. ಅಕ್ಕ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಕೈಗೆ ಬಂದೊಡನೆ ಮಾವ ನಕ್ಕ. ಆ ನಗೆ ನನಗೆ ಸೇರಲಿಲ್ಲ.

"ಇದು ಹವಳಲ್ಲವ್ವ, ಗಾಜು. ನಮ್ಮ ಅಂಗಡ್ಯಾಗ ಇವನ್ನ ಸೇರಿನ್ಯಾಗ ಅಳದು ಕೊಡ್ತಿದ್ದೆ," ಎಂದು ದಾರ ಸರಿಸಿ ಮಣಿಯ ತೂತು ತೋರಿಸಿದ. ಹೊರಗೆ ಕೆಂಪು, ಒಳಗೆ ಹಾಲಿನಷ್ಟು ಬಿಳುಪು.

ಇಟಲಿ ದೇಶದಲ್ಲಿ ವೆನಿಸ್ ಎಂಬ ನೀರಿನ ನಡುವಿನ ಊರಿದೆಯಂತೆ. ಅಲ್ಲಿ ಮಾಡಿದ ಈ ಮಣಿ ಹಡಗಿನಲ್ಲಿ ಪೀಪಾಯಿಗಟ್ಟಲೆ ಆಫ್ರಿಕಾಕ್ಕೆ ಹೋಗುತ್ತಿತ್ತಂತೆ. ಒಳನಾಡಿನಲ್ಲಿ ದುಡ್ಡಿನ ಬದಲು ಮಣಿಯೇ ನಡೆಯುತ್ತಿತ್ತಂತೆ, ಆನೆದಂತಕ್ಕೂ ಇದೇ ಬೆಲೆ, ಹೊರೆಯಾಳಿನ ಊಟಕ್ಕೂ ಇದೇ.

"ಒಂದೊಂದು ಸೀಮಿಗೆ ಒಂದೊಂದು ಬಣ್ಣ," ಎಂದ ಮಾವ. "ನೀಲಿ ಬೇಡೋರ ಹತ್ರ ಬಿಳಿ ಒಯ್ದ್ರ ಹಿಡಿ ಹಿಟ್ಟು ಸೈತ ಹುಟ್ಟಂಗಿಲ್ಲ. ಆದ್ರ ಈ ಕೆಂಪಿಗೆ ಮಾತ್ರ ಎಲ್ಲಾರೂ ಬಾಯಿ ಬಿಡೋರು. ಹಳೇ ಮಂದಿ ಇದಕ್ಕ ಊರು ಮುರುಕ ಅಂತಿದ್ರು. ಹೆಂಗಸರು ಇದರ ಆಸೆಗೆ ಮನಿ ಮುರೀತಿದ್ರಂತ. ರೈಲು ಆದಮ್ಯಾಲೆ ಅಲ್ಲಿ ರೂಪಾಯಿ ಬಂತು, ಮಣಿ ಕೇಳೋರು ಕಡಿಮಿ ಆದ್ರು. ಉಳದ ಮಾಲು ಮುಂಬಯಿ ಗೋದಾಮಿಗೆ ಬಂತು. ನಿಮ್ಮ ಸಾವ್ಕಾರ ಅಲ್ಲಿಂದ ತಂದಿರಬೇಕು."

"ಮತ್ತ ನಿಂಬಿಹಣ್ಣು?" ಎಂದೆ.

"ಮೊಂಬಾಸಾದಾಗ ಮನಿ ಕಟ್ಟೋದ ಹವಳದ ಕಲ್ಲಿನ್ಯಾಗ. ಅದನ್ನ ಸುಟ್ರ ಸುಣ್ಣ ಆಗತೈತಿ. ಸುಣ್ಣದ ಜಾತಿಗೆ ಹುಳಿ ಬಿದ್ರ ನೊರಿ ಬರೋದ. ಹವಳ ಅಪ್ಪಟ ಇದ್ರನ ನಿಂಬಿಹಣ್ಣು ಅದನ್ನ ತಿಂತೈತಿ. ಗಾಜಿಗೆ ಏನಾಗಬೇಕು, ಮಣ್ಣು?"

ನಾನು ಆಗಲೇ ಬಜಾರಿಗೆ ಓಡಲು ಎದ್ದೆ. ಮಾವ ಸೆರಗು ಹಿಡಿದು ಕೂರಿಸಿದ. "ಯಾರ್ ನಂಬ್ತಾರ? ಊರಾಗ ಅರ್ಧ ಮಂದಿ ಕೊಳ್ಳಾಗ ಅವನ ಗಾಜು ಐತಿ. ನಾನು ಮೋಸ ಹೋದೆ ಅಂತ ಯಾವಾಕಿ ಒಪ್ಪತಾಳ?"

ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳಿದ್ದು ಬಾಳಲಿಕ್ಕಲ್ಲ. ಪಟವೇಗಾರರ ಓಣಿಯ ಮುದುಕಿಯೊಬ್ಬಳ ಹತ್ತಿರ ರೇಷ್ಮೆದಾರದಲ್ಲಿ ಸರ ಪೋಣಿಸುವುದನ್ನು ಕಲಿತೆ. ಹವಳ, ಮಣಿ ಊರಿನಲ್ಲಿ ಯಾರ ಕೊರಳಿಗೆ ಹೋದರೂ ಒಂದಲ್ಲ ಒಂದು ದಿನ ದಾರ ಸವೆದು ಪೋಣಿಸುವವಳ ಕೈಗೆ ಬರಲೇಬೇಕು. ಅಕ್ಕನೂ ನಾನೂ ಅದರಲ್ಲೇ ಹೊಟ್ಟೆ ಹೊರೆದೆವು. ಹದಿಮೂರು ವರ್ಷ ಊರಿನ ಸರಗಳೆಲ್ಲ ನನ್ನ ಕೈ ಹಾದುಹೋದವು, ಅವ್ವನದೊಂದು ಬಿಟ್ಟು.

ಕೊನೆಗೆ ಅದನ್ನು ತಂದವಳು ಕೊಟ್ರಬಸಪ್ಪನ ಹೆಂಡತಿ ಚೆನ್ನಬಸಮ್ಮ. ಮಗಳು ಪಂಪಮ್ಮನನ್ನು ಸಂಡೂರಿಗೆ ಕೊಡುವುದಿತ್ತು.

"ನಮ್ಮ ಯಜಮಾನ್ರು ಮಗಳ ನಿಶ್ಚಯಕ್ಕ ಅಂತನ ಇದನ್ನ ಅಗದಿ ಜ್ವಾಕಿಯಿಂದ ಇಟ್ಟಿದ್ರವ್ವ. ದಾರ ಸವದೈತಿ. ಹೊಸದಾಗಿ ಪೋಣಿಸಿಕೊಂಡು ನೀನ ಬಂದು ಹುಡುಗಿ ಕೊಳ್ಳಿಗೆ ಕಟ್ಟು," ಎಂದಳು.

ಗಂಟು ಬಿಚ್ಚಿದರೆ ನಡುವಿನ ಹವಳದಲ್ಲಿ ಕಣ್ಣು. ಕೊಟ್ರಬಸಪ್ಪ ಉಜ್ಜಿ, ಎಣ್ಣೆ ಹಚ್ಚಿ ಹೊಳಪು ತರಿಸಿದ್ದ, ಆ ಗುಳಿ ಮುಚ್ಚಲು ಅವನಿಂದ ಆಗಿರಲಿಲ್ಲ. ಇಷ್ಟು ವರ್ಷದಲ್ಲಿ ಹಳೆಯ ಹೆಸರು ಮಾಸಿ ನಾವು ಊರಿಗೆ ಸರ ಪೋಣಿಸುವವರಷ್ಟೇ ಆಗಿದ್ದೆವು, ಯಾರ ಮಕ್ಕಳು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನಿಗೂ ನೆನಪಿರಲಿಕ್ಕಿಲ್ಲ. ಹೊಡೆದ ಕೈಗೆ ನೋವು ಎಲ್ಲಿ ನೆನಪಿರುತ್ತದೆ? ಅವಳು ಹೋಗುವವರೆಗೂ ಹಲ್ಲು ಕಚ್ಚಿಕೊಂಡು ನಗುತ್ತಾ ಕೂತಿದ್ದೆ. ಆಮೇಲೆ ಅಕ್ಕನನ್ನು ಕರೆದೆ.

ಅಕ್ಕ ಕಣ್ಣಿನ ಹವಳವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಅತ್ತಳು. ಆಮೇಲೆ ತಾನೇ ಎದ್ದು ಪೆಟ್ಟಿಗೆಯ ತಳದಿಂದ ಗಾಜಿನ ಸರ ತಂದು ನನ್ನ ಮುಂದಿಟ್ಟಳು. "ಕಳವು ಆಗತೈತೇನ ವಿರುಪಿ?"

"ಅವ ಕೊಟ್ಟದ್ದು ಅವಗ, ನಮ್ಮದು ನಮಗ. ಇದರಾಗ ಕಳವೆಲ್ಲಿ ಬಂತಕ್ಕ?"

ಕೊಟ್ರಬಸಪ್ಪನ ಮನೆಯವರು ಹವಳದ ನಡುನಡುವೆ ಸೇರಿಸಿದ್ದ ಚಿನ್ನದ ಗುಂಡುಗಳನ್ನು ಒಂದೂ ಬಿಡದೆ ಗಾಜಿನ ಸರಕ್ಕೇ ಏರಿಸಿದೆ. ಪ್ರತಿ ಮಣಿಗೂ ಎರಡೂ ಕಡೆ ಕೆಂಪು ರೇಷ್ಮೆಯ ಗಂಟು ಹಾಕಿ, ಒಳಗಿನ ಬಿಳುಪು ಕಾಣದಂತೆ ಬಿಗಿದೆ. ಅಷ್ಟು ಚಂದದ ಕೆಲಸ ನಾನು ಅದಕ್ಕೂ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ನಿಶ್ಚಯದ ದಿನ ಅವರ ಪಡಸಾಲೆ ತುಂಬ ಜನ. ಕೊಟ್ರಬಸಪ್ಪ ಬೀಗರನ್ನು "ಬರ್ರಿ, ಕುಂದ್ರಿ" ಎಂದು ಉಪಚರಿಸುವುದರಲ್ಲೇ ಇದ್ದ. ನಾನು ಪಂಪಮ್ಮನ ಕೊರಳಿಗೆ ಸರ ಕಟ್ಟಿದೆ. ಅಕ್ಕ ಮೈ ತುಂಬ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಿದ್ದಳು. ವರನ ಸೋದರತ್ತೆ ಬಂದು ಮಣಿ ಮುಟ್ಟಿ ಮುಟ್ಟಿ ನೋಡಿದಳು.

"ಸಾವ್ಕಾರ್ರ ಮನಿ ಹವಳರೀ ಅಮ್ಮಾರ. ನಿಂಬಿಹಣ್ಣಿಗೆ ಹೆದರೋವಲ್ಲ," ಎಂದೆ, ಎಲ್ಲರಿಗೂ ಕೇಳುವಂತೆ.

"ಹೌದಲ್ಲ! ಆ ನಿಂಬಿಹಣ್ಣಿನ ಸುದ್ದಿ ಸಂಡೂರಿಗೂ ಬಂದೈತಿ. ತರಿಸ್ರಿ, ನಾವೂ ಕಣ್ಣಾರ ನೋಡ್ತೀವಿ."

ಕೊಟ್ರಬಸಪ್ಪನ ಮುಖ ಬಿಳಿಚಿತು. ತನ್ನ ಮಗಳ ಕೊರಳಲ್ಲಿ ಇರುವುದು ಅಪ್ಪಟ ಹವಳ ಎಂದೇ ಅವನ ಎಣಿಕೆ. "ಬ್ಯಾಡ್ರಿ ಅಕ್ಕಾರ, ಒಳ್ಳೆ ಕೆಲಸದಾಗ ಯಾಕ ಇದೆಲ್ಲಾ?"

"ಯಾಕ ಬ್ಯಾಡ? ಮಂದಿ ಹವಳಕ್ಕ ಹಿಂಡ್ತೀರಿ, ನಿಮ್ಮದಕ್ಕ ಹಿಂಡಾಕ ಆಗಂಗಿಲ್ಲೇನು?" ಅತ್ತೆಯ ದನಿ ಬಿರುಸಾಯಿತು. ಸಂಡೂರಿನ ಗಂಡಸರು ಮಾತು ನಿಲ್ಲಿಸಿ ಇತ್ತ ತಿರುಗಿದರು.

ಬಟ್ಟಲು ಬಂತು. ಅವನೇ ಹಿಂಡಬೇಕಾಯಿತು. ರಸ ಅರ್ಧ ಬಟ್ಟಲು ತಪ್ಪಿ ನೆಲಕ್ಕೆ ಹೋಯಿತು. ನನ್ನಪ್ಪ ಗಾಡಿಯವರೆಗೂ ಕೈ ಮುಗಿದುಕೊಂಡು ಹೋದದ್ದು ನನ್ನ ಕಣ್ಣ ಮುಂದಿತ್ತು. ಇನ್ನಷ್ಟು ಹೆದರಲಿ ಎಂದುಕೊಂಡೆ. ಅತ್ತೆ ಸರ ಬಿಚ್ಚಿ ಬಟ್ಟಲಿಗೆ ಬಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ.

ನೊರೆ ಬರಲಿಲ್ಲ.

"ಅಪ್ಪಟ!" ಎಂದು ಅತ್ತೆ ಸರ ಎತ್ತಿ ಹಿಡಿದಳು. ಪಡಸಾಲೆಯೆಲ್ಲ ನಕ್ಕಿತು. ಪಂಪಮ್ಮನ ಮುಖವೂ ಅರಳಿತು. ಆ ಹುಡುಗಿಗೆ ನಾನು ಕೇಡು ಬಯಸಿರಲಿಲ್ಲ, ಅವಳು ಗಾಜು ಹಾಕಿಕೊಂಡೇ ಸಂಡೂರಿನಲ್ಲಿ ಸುಖವಾಗಿ ಬಾಳಿದಳು.

ಕೊಟ್ರಬಸಪ್ಪ ಕಣ್ಣು ತೆರೆದು ಒಂದು ಕ್ಷಣ ತಾನೂ ನಕ್ಕ. ಮರುಕ್ಷಣ ಅವನಿಗೆ ತಿಳಿಯಿತು. ಸರ ಕಸಿದುಕೊಂಡು ಉಗುರಿನಿಂದ ಒಂದು ಗಂಟು ಸರಿಸಿ ನೋಡಿದ. ಬಿಳುಪು ಕಂಡಿತು. ತಲೆಯೆತ್ತಿ ನನ್ನನ್ನು ನೋಡಿದ. ನಾನು ಬಾಗಿಲ ಕಡೆ ನೋಡಿದೆ.

ಅಕ್ಕ ಸೆರಗು ಸರಿಸಿದಳು. ಹದಿನೆಂಟು ವರ್ಷ ಬರಿದಾಗಿದ್ದ ಕೊರಳಲ್ಲಿ ಅವ್ವನ ಹವಳ ಇತ್ತು, ನಡುವೆ ಆ ಕಣ್ಣು.

"ಆ ಸರ..." ಎಂದು ಅವನು ಕೈ ಚಾಚಿದ.

"ಯಾಕ್ರೀ, ಆ ಸರಕ್ಕ ಏನಾತು?" ಎಂದಳು ಅತ್ತೆ.

ಅಕ್ಕ ಅವನ ಎದುರಿಗೇ ಬಂದು ನಿಂತಳು. "ಖೋಟಾ ಸರರೀ ಅಮ್ಮಾರ, ನಮ್ಮವ್ವಂದು. ಹದಿನೆಂಟು ವರ್ಷದ ಹಿಂದ ಇದೇ ಸಾವ್ಕಾರ್ರು ನಿಂಬಿಹಣ್ಣು ಹಿಂಡಿ ಹೇಳಿದ್ರು. ಹೌದಲ್ರೀ ಸಾವ್ಕಾರ್ರ? ಇಲ್ಲಂದ್ರ ಇಲ್ಲ ಅನ್ರಿ."

ಅವನು ಬಾಯಿ ತೆರೆದ. ಸಂಡೂರಿನವರೂ ಊರಿನವರೂ ಅವನ ಮಾತಿಗೇ ಕಾದಿದ್ದರು. ಬಟ್ಟಲಿನ ರಸದಲ್ಲಿ ಒದ್ದೆಯಾದ ಗಾಜಿನ ಸರ ಅವನ ಕೈಯಲ್ಲೇ ತೊಟ್ಟಿಕ್ಕುತ್ತಿತ್ತು.

"ಹೌದವ್ವ," ಎಂದ. "ಖೋಟಾ."