ಬಿರ್ಕಾ ತಂದ ತೊಗಲಿನ ತುಂಡು

ನಾಯಿ ಬಿರ್ಕಾಳ ಗಡ್ಡಕ್ಕೆ ಅಂಟಿದ್ದ ಮುಳ್ಳುಕಾಯಿಯನ್ನು ಬಿಡಿಸಿ ಮುಗಿಸುವ ಮೊದಲೇ ಚರ್ಚಿನ ಗಂಟೆ ಶುರುವಾಯಿತು. ಗುಡ್ರುನ್ ಕರಿ ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಒರಟು ಕೂದಲಿನ ಈ ಬೇಟೆನಾಯಿಗಳ ಗಡ್ಡವನ್ನು ಎಳೆಯುವಂತಿಲ್ಲ, ಕತ್ತರಿಸುವಂತಿಲ್ಲ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಎಳೆಎಳೆಯಾಗಿ ಬಿಡಿಸಬೇಕು. ಗಂಡ ಆಲ್ವಿನ್‌ನನ್ನು ಮಣ್ಣು ಮಾಡುವ ದಿನವೂ ಈ ಕೆಲಸ ಹೇಗೆ ನೆನಪಾಯಿತೋ ಅವಳಿಗೇ ತಿಳಿಯಲಿಲ್ಲ.

"ಹೊರಡೋಣ್ವಾ ಗುಡ್ರುನ್? ಪಾದ್ರಿ ಕಾಯ್ತಿದಾರೆ" ಎಂದ ಹೆನ್ನಿಂಗ್. ಅವನು ಆಲ್ವಿನ್‌ನ ಬೇಟೆಯ ಜೊತೆಗಾರ, ಹುಡುಗುತನದ ಗೆಳೆಯ. ಹಸಿರು ಕೋಟಿನ ತೋಳಿನಲ್ಲಿ ಫರ್ ಎಂಬ ಸೂಜಿಯೆಲೆ ಮರದ ಎಳೆಗಡ್ಡಿಗಳ ಕಟ್ಟು ಹಿಡಿದಿದ್ದ. ಬೇಟೆಗಾರನ ಸಮಾಧಿಯ ಗುಂಡಿಗೆ ಹೂವಿನ ಬದಲು ಅದನ್ನೇ ಹಾಕುವುದು.

ಕಾಡಂಚಿನ ಬೀಚ್ ಮರದ ಬುಡದಲ್ಲಿ ಬಿದ್ದಿದ್ದ ಆಲ್ವಿನ್‌ನನ್ನು ಮಂಗಳವಾರ ಮೊದಲು ಕಂಡವನೂ ಹೆನ್ನಿಂಗೇ. ಅವನನ್ನು ಒಂದು ಮಾತು ಕೇಳಬೇಕೆಂದು ಅವಳು ಅಂದಿನಿಂದ ಕಾಯುತ್ತಿದ್ದಳು. ಆ ದಿನ ಬಿರ್ಕಾ ಒಬ್ಬಳೇ ಮನೆಗೆ ಓಡಿ ಬಂದಾಗ ಆಲ್ವಿನ್‌ಗೆ ಇನ್ನೂ ಜೀವವಿತ್ತೇ? ಡಾಕ್ಟರು ಹೃದಯ ಅಂದರು. ಯಾವ ಹೊತ್ತಿಗೆ ಎಂದು ಹೇಳಲಾಗದು ಅಂದರು.

ಅವಳು ಎದ್ದು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು.

ಗುಂಡಿಯ ಬಳಿ ನಾಲ್ವರು ಕೊಂಬೂದಿದರು. ಹಿಂದೆ ನಿಂತ ಇಬ್ಬರು ಮುದುಕರು ಆಲ್ವಿನ್ ಅಂಚೆ ಹಂಚುತ್ತಿದ್ದ ಕಾಲವನ್ನು ಮೆಲ್ಲಗೆ ನೆನೆಯುತ್ತಿದ್ದರು. ಊರಿನ ನಾಯಿಗಳೆಲ್ಲ ಅವನ ಪ್ಯಾಂಟಿನ ರುಚಿ ನೋಡಿದ್ದವಂತೆ. ಆದರೂ ನಿವೃತ್ತನಾದ ಮರುವಾರವೇ ನಾಯಿ ತಂದನಲ್ಲ ಮಹಾರಾಯ ಎಂದು ಒಬ್ಬ ನಕ್ಕು, ನಕ್ಕದ್ದಕ್ಕೆ ಕೆಮ್ಮಿದ. ಎಲ್ಲರೂ ಸಾಲಾಗಿ ಬಂದು ಕಡ್ಡಿ ಹಾಕಿದರು. ಗುಡ್ರುನ್ ಬಗ್ಗಿ ನೋಡಿದಳು. ಕೆಳಗಿನ ಪೆಟ್ಟಿಗೆ ಯಾರದೋ ಅನ್ನಿಸಿತು. ಹಿಂದಿನವರು ಕಾಯುತ್ತಿದ್ದಾರೆಂದು ಗಾಬರಿಯಾಗಿ ಪಕ್ಕಕ್ಕೆ ಸರಿದಳು. ಗೇಟು ದಾಟಿದ ಮೇಲೆ ನೋಡಿದರೆ ಅವಳ ಪಾಲಿನ ಕಡ್ಡಿ ಕೋಟಿನ ಜೇಬಿನಲ್ಲೇ ಇತ್ತು.

*

ನಾಯಿ ತರಲು ಹೊರಟ ಆ ದಿನ ಗುಡ್ರುನ್ ಕೇಳಿದ್ದು ತೊಡೆಯ ಮೇಲೆ ಮಲಗುವಂಥ ಪುಟ್ಟ ನಾಯಿ.

"ಪುಟ್ಟದು ಕೆರೆಗಿಳಿದು ಬಾತುಕೋಳಿ ತರುತ್ತಾ?" ಎಂದಿದ್ದ ಆಲ್ವಿನ್. ದಾರಿಯುದ್ದಕ್ಕೂ ಡ್ರಾಟ್‌ಹಾರ್ ಎಂಬ ಬೇಟೆನಾಯಿ ತಳಿಯನ್ನು ಹೊಗಳಿದ್ದ. ಹೊಲದಲ್ಲಿ ಹಕ್ಕಿಯ ವಾಸನೆ ಹತ್ತಿದರೆ ಕಲ್ಲಿನಂತೆ ನಿಂತು ತೋರಿಸುತ್ತದೆ, ಗಾಯಗೊಂಡ ಜಿಂಕೆಯ ಜಾಡು ಹಿಡಿಯುತ್ತದೆ, ನೀರಿಗೂ ಸೈ, ಮನೆ ಕಾಯುವುದಕ್ಕೂ ಸೈ.

"ಪಾತ್ರೆನೂ ತೊಳೆಯುತ್ತಾ?"

"ನೆಕ್ಕಿ ಕೊಡುತ್ತೆ."

ಮರಿ ಮಾರುವಾತ ಆಲ್ವಿನ್‌ನನ್ನು ಬಿಟ್ಟು ಅವಳನ್ನೇ ವಿಚಾರಿಸಿದ. ದಿನಾ ಎರಡು ಹೊತ್ತು ಓಡಿಸುವವರು ಯಾರು? ಕೆಲಸವಿಲ್ಲದಿದ್ದರೆ ಇದು ಸೋಫಾ ತಿನ್ನುತ್ತದೆ. ನೀರಿಗಿಳಿದ ದಿನ ಕಿವಿ ಒರೆಸಬೇಕು, ಹಿಮ ಬಿದ್ದ ದಿನ ಬೆರಳ ಸಂದಿ ನೋಡಬೇಕು. ಹೊರಗೆ ಗೂಡಿನಲ್ಲಿ ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ. ಎಲ್ಲ ತನ್ನ ತಲೆಗೇ ಬರುತ್ತದೆಂದು ಗುಡ್ರುನ್‌ಗೆ ಆಗಲೇ ಗೊತ್ತಾಗಿತ್ತು.

ಅವನು ಮೊಲದ ಚರ್ಮವೊಂದನ್ನು ಹುಲ್ಲಿನ ಮೇಲೆ ಎಳೆದೊಯ್ದು ಬೇಲಿಯ ಹಿಂದೆ ಬಿಟ್ಟು ಬಂದ. ದಪ್ಪನೆಯ ಗಂಡುಮರಿ ಮೊದಲು ತಲುಪಿ, ಚರ್ಮದ ಮೇಲೆ ಕೂತು ಗುರುಗುಟ್ಟಿತು. ಒಂದು ಹೆಣ್ಣುಮರಿ ಮಾತ್ರ ಅದನ್ನು ಮೂಸಿ, ಬರಿಬಾಯಲ್ಲೇ ಓಡಿ ಬಂದು ಗುಡ್ರುನ್‌ಳ ಬೂಟಿನ ಮುಂದೆ ನಿಂತಿತು. ಮುಖ ನೋಡಿತು. ಬೇಲಿಯ ಕಡೆ ಓಡಿತು, ತಿರುಗಿ ಬಂತು.

"ಇದು ತರೋದಿಲ್ಲ. ಬೇಡ ಬಿಡಿ" ಎಂದು ಆತ ಸಂಕೋಚಪಟ್ಟ.

"ತರೋದು ಕಲಿಸಬಹುದು. ಬಂದು ಹೇಳ್ತಾ ಇದೆ ನೋಡಿ" ಎಂದ ಆಲ್ವಿನ್. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅದೂ ನನಗಲ್ಲ, ನಿನಗೆ" ಎಂದ.

*

ಮನೆಯಲ್ಲಿ ಕಾಫಿ, ಬೆಣ್ಣೆ ಕೇಕು ಹಂಚುತ್ತಿದ್ದಂತೆ ಮಾತು ಬಿರ್ಕಾಳ ಕಡೆ ಹೊರಳಿತು. ಬೇಟೆ ಗೊತ್ತಿಲ್ಲದ ಹೆಂಗಸಿನ ಕೈಯಲ್ಲಿ ಅಂಥ ನಾಯಿ ಹಾಳಾಗುತ್ತದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆಲ್ವಿನ್‌ನ ತಂಗಿಯ ಮಗ ಡೆಟ್ಲೆಫ್ ಇವತ್ತೇ ಕರೆದೊಯ್ಯುತ್ತೇನೆ ಎಂದ. ಗುಡ್ರುನ್ ತಲೆಯಾಡಿಸಿದಳು. ಹೂಂ ಎಂದದ್ದೋ ಉಹೂಂ ಎಂದದ್ದೋ, ಅವರು ಹೂಂ ಎಂದೇ ತಿಳಿದರು. ಬಿರ್ಕಾ ಮೇಜಿನಡಿ ಅವಳ ಪಾದದ ಮೇಲೆ ಗಲ್ಲ ಊರಿ ಮಲಗಿದ್ದಳು.

"ಕೊರಳಪಟ್ಟಿಗೊಂದು ತೊಗಲಿನ ತುಂಡು ಇತ್ತಲ್ಲ ಅತ್ತೆ, ಅದೆಲ್ಲೋಯ್ತು?" ಎಂದ ಡೆಟ್ಲೆಫ್.

ಗುಡ್ರುನ್ ಎದ್ದು ಗೂಟದಲ್ಲಿದ್ದ ಏಪ್ರನ್ನಿನ ಜೇಬಿಗೆ ಕೈಹಾಕಿದಳು. ಬೆರಳುದ್ದದ ತೊಗಲು, ಹಲ್ಲಿನ ಗುರುತು ತುಂಬಿದ್ದು. ತಟ್ಟೆಯ ಪಕ್ಕ ಇಟ್ಟಳು.

ಆಮೇಲೆ ಹೆನ್ನಿಂಗ್‌ನ ಕಡೆ ತಿರುಗಿದಳು.

"ಇದು ಯಾಕಿರೋದು ಹೆನ್ನಿಂಗ್?"

ಹೆನ್ನಿಂಗ್ ತೊಗಲನ್ನೇ ನೋಡುತ್ತ ಹೇಳಿದ. ಪೊದೆಯಲ್ಲಿ ಸತ್ತ ಜಿಂಕೆ ಸಿಕ್ಕರೆ ನಾಯಿ ಕೊರಳಲ್ಲಿ ತೂಗುವ ಇದನ್ನು ಬಾಯಿಗೆ ಹಾಕಿಕೊಂಡು ಯಜಮಾನನ ಬಳಿ ಓಡಿ ಬರುತ್ತದೆ. ಸಿಕ್ಕಿದೆ, ಬಾ ಎಂದು ಅರ್ಥ. ಆಗ 'ಎಲ್ಲಿ? ತೋರಿಸು' ಅನ್ನಬೇಕು, ಹಗ್ಗ ಹಾಕಿ ಅದರ ಹಿಂದೆ ಹೋಗಬೇಕು.

*

ಆ ಮಂಗಳವಾರ ಗುಡ್ರುನ್ ಪ್ಲಮ್ ಹಣ್ಣು ಬೇಯಿಸಿ ಬಾಟಲಿಗೆ ತುಂಬುತ್ತಿದ್ದಳು. ನೆಲ ಆಗಷ್ಟೇ ಒರೆಸಿಯಾಗಿತ್ತು. ಬಿರ್ಕಾ ಕೆಸರುಗಾಲಲ್ಲಿ ನುಗ್ಗಿ ಬಂದು, ಬಾಯಲ್ಲಿ ಏನನ್ನೋ ಕಚ್ಚಿಕೊಂಡು, ಅವಳ ಮುಂದೆ ನೆಟ್ಟಗೆ ಕೂತಳು. ಮುಖ ನೋಡಿದಳು.

"ಥೂ, ಏನಿದು, ಕೊಡಿಲ್ಲಿ."

ಬಾಯಿಂದ ಜಗ್ಗಿದರೆ ಕೊಂಡಿ ಕಳಚಿ ಬಂತು. ಏಪ್ರನ್ನಿನ ಜೇಬಿಗೆ ಸೇರಿತು. ನಾಯಿಯನ್ನು ಹಿಂದಿನ ಕೋಣೆಗೆ ದಬ್ಬಿ ಬಾಗಿಲು ಹಾಕಿದಳು. ಒಳಗಿನಿಂದ ಕೆರೆಯುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಹೆನ್ನಿಂಗ್ ಏಣಿ ಕೇಳಲು ಬಂದಾಗ ಬಾಟಲಿಗಳೆಲ್ಲ ಆರಿದ್ದವು. ನಾಯಿ ಮನೆಯಲ್ಲಿದ್ದರೆ ಆಲ್ವಿನ್ ಎಲ್ಲಿ ಎಂದು ಅವನೇ ಹುಡುಕಿ ಹೊರಟ.

ಕಾಡಿನ ಮಾತು ಹೊಸಿಲಿನಾಚೆಗೇ ಇರಲಿ ಎಂದು ಮದುವೆಯಾದ ವರ್ಷ ಅವಳೇ ಹೇಳಿದ್ದಳು, ಅಡುಗೆ ಮೇಜಿನ ಮೇಲೆ ಆಲ್ವಿನ್ ರಕ್ತ ಸೋರುವ ಮೊಲ ಇಟ್ಟ ದಿನ. ಅವನು ಒಮ್ಮೆಯೂ ತಪ್ಪಲಿಲ್ಲ. ಕೆಲವು ಸಂಜೆ ಅವನ ಟೊಪ್ಪಿಯಲ್ಲೊಂದು ಮುರಿದ ಫರ್ ಕಡ್ಡಿ ಇರುತ್ತಿತ್ತು, ಅದರದೇ ಇನ್ನರ್ಧ ಬಿರ್ಕಾಳ ಕೊರಳಪಟ್ಟಿಯಲ್ಲಿ. ಬೇಟೆ ಸಿಕ್ಕಿದ ದಿನ ನಾಯಿಗೂ ಪಾಲು. ಅವಳು ಅದನ್ನು ಕಸದ ಜೊತೆ ಗುಡಿಸಿ ಒಲೆಗೆ ಹಾಕುತ್ತಿದ್ದಳು.

*

"ನಾನು ಇದನ್ನ ಕಿತ್ತು ಇಟ್ಕೊಂಡೆ. ಬಾಗಿಲು ಹಾಕ್ದೆ" ಎಂದಳು ಗುಡ್ರುನ್. "ಆಗ ಅವರು ಬದುಕಿದ್ರಾ?"

ಹೆನ್ನಿಂಗ್ ತಕ್ಷಣ ಹೇಳಿದ. ಉತ್ತರವನ್ನು ಮಂಗಳವಾರದಿಂದಲೇ ಜೊತೆಗಿಟ್ಟುಕೊಂಡು ಓಡಾಡುತ್ತಿದ್ದವನ ಹಾಗೆ ಹೇಳಿದ. "ಇಲ್ಲ. ಇದು ಸತ್ತದ್ದಕ್ಕೆ ಮಾತ್ರ ತೊಗಲು ಕಚ್ಚೋದು. ಜೀವ ಇದ್ರೆ ಅಲ್ಲೇ ನಿಂತು ಬೊಗಳ್ತಿತ್ತು."

"ಯಾವಾಗ್ಲೂ ಹಂಗೇನಿಲ್ಲ" ಎಂದ ಡೆಟ್ಲೆಫ್ ಕೇಕು ಮುರಿಯುತ್ತ. "ಹೋದ ವರ್ಷ ಆ ಜಿಂಕೆಗೆ ಇನ್ನೂ ಉಸಿರಿತ್ತು, ಇವ್ಳು ತೊಗಲು ಕಚ್ಕೊಂಡು ಬಂದಿದ್ಲು. ಮಾವನೇ..."

ಹೆನ್ನಿಂಗ್ ಅವನನ್ನು ನೋಡಿದ. ಡೆಟ್ಲೆಫ್‌ನ ಕೈ ತಟ್ಟೆಯ ಮೇಲೇ ನಿಂತಿತು. "ಅದು ಬೇರೆ ವಿಷ್ಯ ಬಿಡಿ" ಎಂದ.

ಗುಡ್ರುನ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಸರಿಸಿದಳು. ಯಾರು ನಿಜ ಹೇಳಿದರು, ಯಾರು ತನ್ನ ಸಮಾಧಾನಕ್ಕೆ ಹೇಳಿದರು, ತಿಳಿಯಲಿಲ್ಲ. ಯಾರೋ ಮತ್ತೆ ಕಾಫಿ ಸುರಿದರು.

ಏನಾದರೂ ಮಾಡಬೇಕೆಂದು ಡೆಟ್ಲೆಫ್ ತೊಗಲನ್ನೆತ್ತಿ ಬಿರ್ಕಾಳ ಕೊರಳಪಟ್ಟಿಗೆ ಸಿಕ್ಕಿಸಿದ. ಕಾರಿನ ಹಿಂಬಾಗಿಲು ತೆರೆಯಲು ಹೊರಟ. ಕೊರಳಲ್ಲಿ ತೊಗಲು ತೂಗಿದ್ದೇ, ಹುಡುಕಲು ಕಳಿಸಿದರೆಂಬಂತೆ ಬಿರ್ಕಾ ಎದ್ದಳು, ಮೈ ಕೊಡವಿದಳು, ಅಂಗಳಕ್ಕಿಳಿದು ಕಾರನ್ನು ದಾಟಿ ಸೇಬಿನ ಮರಗಳ ಆಚೆ ಓಡಿಹೋದಳು. ಡೆಟ್ಲೆಫ್ ಸಿಳ್ಳೆ ಹಾಕಿ ಹಾಕಿ ಸುಸ್ತಾಗಿ ಒಳಗೆ ಬಂದು ಕೂತ.

ಕೇಕಿನ ತಟ್ಟೆಗಳನ್ನು ಎತ್ತುತ್ತಿದ್ದಾಗ ಬಾಗಿಲ ಬಳಿ ನಿಂತವರು ದಾರಿ ಬಿಟ್ಟರು. ಬಿರ್ಕಾ ತೊಗಲನ್ನು ಬಾಯಲ್ಲಿ ಕಚ್ಚಿಕೊಂಡು ಬಂದಿದ್ದಳು. ಡೆಟ್ಲೆಫ್‌ನನ್ನು ದಾಟಿದಳು, ಹೆನ್ನಿಂಗ್‌ನನ್ನು ದಾಟಿದಳು. ಗುಡ್ರುನ್‌ಳ ಮುಂದೆ ನೆಟ್ಟಗೆ ಕೂತು ಮುಖ ನೋಡಿದಳು. ಅದರ ಅರ್ಥ ಬಲ್ಲ ಗಂಡಸರೆಲ್ಲ ಕೂತಲ್ಲೇ ಕೂತರು.

ಗುಡ್ರುನ್ ತಟ್ಟೆಗಳನ್ನು ಕೆಳಗಿಟ್ಟಳು.

"ಎಲ್ಲಿ?" ಎಂದಳು. "ತೋರಿಸು."

ಡೆಟ್ಲೆಫ್ ಏಳಹೋದ. ಹೆನ್ನಿಂಗ್ ಅವನ ತೋಳು ಹಿಡಿದು ಕೂರಿಸಿದ.

ಗುಡ್ರುನ್ ಕೋಟು ತೊಟ್ಟು ನಾಯಿಗೆ ಹಗ್ಗ ಹಾಕಿದಳು. ಬಿರ್ಕಾ ಹಗ್ಗವನ್ನು ಜಗ್ಗಲಿಲ್ಲ. ಮುದುಕಿಯ ನಡಿಗೆಗೆ ತಕ್ಕ ಹಾಗೆ ನಡೆದಳು. ಉತ್ತ ಹೊಲದ ಬದುವಿನಲ್ಲಿ ಗುಡ್ರುನ್‌ಳ ಕರಿ ಬೂಟು ಕೆಸರಿಗೆ ಹೂತು ಹೂತು ಎದ್ದವು. ಬೀಚ್ ಮರದ ಬುಡದಲ್ಲಿ ಬಿರ್ಕಾ ನಿಂತಳು. ಅಲ್ಲಿ ಏನೂ ಇರಲಿಲ್ಲ. ಅವನು ಬಿದ್ದಿದ್ದ ಜಾಗದ ಹುಲ್ಲು ಆಗಲೇ ತಲೆಯೆತ್ತಿತ್ತು. ನಾಯಿ ನೆಲ ನೋಡಿತು, ಅವಳನ್ನು ನೋಡಿತು. ಇಲ್ಲಿಗೆ ಬಂದ ಮೇಲೆ ಏನು ಹೇಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಕೋಟಿನ ಜೇಬಿನಿಂದ ಫರ್ ಕಡ್ಡಿಯನ್ನು ತೆಗೆದಳು. ಎರಡಾಗಿ ಮುರಿದಳು. ಅರ್ಧವನ್ನು ಹುಲ್ಲಿನ ಮೇಲಿಟ್ಟಳು. ಮಂಡಿಯೂರಿ, ಇನ್ನರ್ಧವನ್ನು ಬಿರ್ಕಾಳ ಕೊರಳಪಟ್ಟಿಗೆ ಸಿಕ್ಕಿಸತೊಡಗಿದಳು. ಅದು ಎರಡು ಸಲ ಜಾರಿತು. ಸಿಕ್ಕುವವರೆಗೂ ನಾಯಿ ಅಲ್ಲಾಡದೆ ಕೂತಿತ್ತು.