ಸೇತುವೆ ಮೇಲಿನ ಖರೀದಿಗಾರರು

ಮೆಕ್ಸಿಕೋದ ಗಡಿಯೂರು ನ್ಯೂವೊ ಲರೆಡೋದ ಸೇತುವೆಯ ಮೇಲೆ ಕಾರುಗಳ ಸಾಲು, ಊಟ ಮುಗಿದರೂ ಏಳದ ನೆಂಟರ ಹಾಗೆ ಕೂತಿತ್ತು. ಕೊರಳಿಗೆ ಸಮೀಕ್ಷೆಯ ಗುರುತಿನ ಚೀಟಿ ತೂಗುಹಾಕಿಕೊಂಡ ಇತ್ಸೆಲ್ ಕಿಟಕಿಯಿಂದ ಕಿಟಕಿಗೆ ಹೋಗಿ, ತನಗೇ ಕೇಳಿಸದಷ್ಟು ಮೆಲ್ಲಗೆ ಕೇಳುತ್ತಿದ್ದಳು: "ಗಡಿಯಾಚೆ ಯಾಕೆ ಹೋಗ್ತಿದ್ದೀರಿ?"

ಕೆಲವರು ಅವಳನ್ನು ತಿಂಡಿ ಮಾರುವವಳೆಂದುಕೊಂಡು ತೋರುಬೆರಳು ಆಡಿಸಿ, "ತಿಂಡಿ ಬೇಡಮ್ಮ" ಎಂದರು. ಉಳಿದವರದು ಒಂದೇ ಮಾತು: "ಖರೀದಿಗೆ." ಆಚೆ ತುದಿಯ ಗೂಡಿನಲ್ಲಿ ಕೂತ ಅಮೆರಿಕದ ಅಧಿಕಾರಿಗೆ ಒಪ್ಪಿಸಲೆಂದು ಇಡೀ ಊರು ಬಾಯಿಪಾಠ ಮಾಡಿಕೊಂಡ ಉತ್ತರ ಅದು. ಯಾರ ಕೊರಳಲ್ಲಿ ಚೀಟಿ ಕಂಡರೂ ತಾನಾಗಿ ಉದುರುತ್ತಿತ್ತು.

ಸಮೀಕ್ಷೆಯ ಮೇಲ್ವಿಚಾರಕ ದೋನ್ ರೊಹೇಲಿಯೋ ಬೆಳಿಗ್ಗೆಯೇ ಗದರಿದ್ದರು. "ಊರಿಗೂರೇ ಖರೀದಿಗೆ ಹೋದ್ರೆ ಅಂಗಡೀಲಿ ಏನಮ್ಮಾ ಉಳಿಯತ್ತೆ? ನೆರಳಲ್ಲಿ ಕೂತು ನೀನೇ ಉತ್ತರ ಬರೀತೀಯ ಅಂತ ನನ್ನ ಅನುಮಾನ. ಇವತ್ತೂ ಹೀಗೇ ಆದ್ರೆ ನಾಳೆಯಿಂದ ಬರಬೇಡ."

ಕೆಲಸ ಹೋದರೆ ಮನೆಯಲ್ಲೇ ಕೂರಬೇಕು. ಅದಂತೂ ಅವಳಿಗೆ ಬೇಡವಾಗಿತ್ತು.

ಮುಂದಿನ ನೀಲಿ ಕಾರಿನಲ್ಲಿ ದೋನ್ಯಾ ಎಲೋಯಿಸಾ ಎಂಬ ಮುದುಕಿ, ಮಡಿಲಲ್ಲಿ ಕಂಬಳಿ ಸುತ್ತಿದ ಗಂಟು. ಪಕ್ಕದಲ್ಲಿ ಗಂಡ ಸ್ಟಿಯರಿಂಗ್ ಹಿಡಿದೇ ತೂಕಡಿಸುತ್ತಿದ್ದ.

"ಖರೀದಿಗೆ," ಎಂದಳು ಮುದುಕಿ, ಕೇಳುವ ಮೊದಲೇ.

"ಮಗು ಸೇರಿ ಮೂರು ಜನಾನಾ?"

"ಯಾವ ಮಗು?" ಮುದುಕಿ ಕಂಬಳಿ ಸರಿಸಿದಳು. ಒಳಗೆ ಕರೀ ಕಲ್ಲಿನ ಒರಳು.

"ಖರೀದಿಗೆ ಹೋಗೋರು ಒರಳು ಹೊತ್ಕೊಂಡು ಹೋಗ್ತಾರಾ, ಅಜ್ಜಿ?" ಇತ್ಸೆಲ್‌ಳ ಬಾಯಿಂದ ಮಾತು ಜಾರಿಬಿಟ್ಟಿತು.

ಮುದುಕಿ ಕಿಸಕ್ಕನೆ ನಕ್ಕಳು. "ಬಾಯಿದೆಯಲ್ಲೇ ನಿನಗೆ! ಮೊದಲು ನೀನು ಹೇಳು. ಇಷ್ಟು ನಾಚಿಕೆ ಇಟ್ಕೊಂಡು ಈ ಕೆಲಸಕ್ಕೆ ಯಾಕೆ ಬಂದೆ?"

"ಮನೇಲಿದ್ರೆ ಅಮ್ಮ ನನ್ನನ್ನ ನೋಡಲಿ ಅಂತ ತನ್ನ ಗೆಳತಿಯರ ಗಂಡುಮಕ್ಕಳನ್ನೆಲ್ಲ ದಿನಾ ಕಾಫಿಗೆ ಕರೀತಾಳೆ. ಅವರು ಏಳೋದೇ ಇಲ್ಲ. ಈ ಸೇತುವೇಲಾದ್ರೆ ಸಾಲು ಸರಿದ ತಕ್ಷಣ ಎಲ್ಲರೂ ಹೊರಟುಹೋಗ್ತಾರೆ."

"ಅಯ್ಯೋ ನನ್ನ ಕೂಸೇ! ಹಾಗಾದ್ರೆ ಬರಕೋ. ಗಡಿಯಾಚೆ ಇರೋ ನನ್ನ ಸೊಸೆ ಮೆಣಸಿನಕಾಯಿ ಚಟ್ನೀನ ಮಿಕ್ಸಿಗೆ ಹಾಕ್ತಾಳಂತೆ. ಈ ಒರಳನ್ನ ಅವಳ ಅಡುಗೆಮನೇಲಿ ಪ್ರತಿಷ್ಠೆ ಮಾಡಿ, ನಾಲ್ಕು ಮಾತಾಡಿ ಬರೋಕೆ."

ಪಕ್ಕದ ಕಾರಿನ ದಪ್ಪನೆಯ ಆಸಾಮಿ ತಲೆ ಹೊರಹಾಕಿದ. "ಏ ತಂಗೀ, ನಾನೂ ಆಗ ಸುಳ್ಳು ಹೇಳಿದ್ದೆ, ಅದನ್ನ ಹೊಡೆದುಹಾಕು. ನನ್ನ ಹೆಂಡತಿ ಮನೆಮಂದಿಗೆಲ್ಲ ಪಥ್ಯ ಹಚ್ಚಿದಾಳೆ. ಅಕ್ಕನ ಮನೇಲಿ ಹೊಟ್ಟೆ ತುಂಬ ತಿನ್ನೋಕೆ ಹೊರಟಿದೀನಿ."

"ನಾವು ಅಳಿಯನ ನಾಯಿ ಹುಟ್ಟುಹಬ್ಬಕ್ಕೆ," ಎಂದಿತು ಹಿಂದಿನ ಕಾರಿನ ದನಿ. "ಕರ್ಮ, ಹೋಗದಿದ್ರೆ ಮುನಿಸು."

ಸಂಜೆ ದೋನ್ ರೊಹೇಲಿಯೋ ಹಾಳೆ ತಿರುವಿದಂತೆಲ್ಲ ಹುಬ್ಬು ಮೇಲೇರಿತು. "ಒರಳು? ನಾಯಿ ಹುಟ್ಟುಹಬ್ಬ? ಖರೀದೀನೇ ವಾಸಿಯಾಗಿತ್ತು! ಇದಂತೂ ಪೂರಾ ಕಟ್ಟುಕತೆ."

ಬೇರೆ ದಿನವಾಗಿದ್ದರೆ ಇತ್ಸೆಲ್ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದಳು. ಇವತ್ತು ಕೊರಳ ಚೀಟಿ ಎತ್ತಿ ಹಿಡಿದಳು. "ಸರ್, ನೀವು ಶನಿವಾರ ಶನಿವಾರ ಆಚೆ ಹೋಗ್ತೀರಲ್ಲ, ಯಾಕೆ?"

"ಖರೀದಿಗೆ," ಎಂದರು ಅವರು ಥಟ್ಟನೆ. ಎಂದವರೇ ನಾಲಿಗೆ ಕಚ್ಚಿಕೊಂಡರು.

"ಮೊದಲು ನನ್ನದು ಹೇಳ್ತೀನಿ ಸರ್," ಎಂದು ಇತ್ಸೆಲ್ ಅಮ್ಮನ ಕಾಫಿಯ ಕತೆ ಹೇಳಿದಳು. ದೋನ್ ರೊಹೇಲಿಯೋ ತಮ್ಮ ಕಾಡಿಗೆಗಪ್ಪು ಮೀಸೆಯನ್ನು ಸವರಿಕೊಂಡು ಅತ್ತ ಇತ್ತ ನೋಡಿದರು.

"ಬಣ್ಣ ಹಾಕಿಸೋಕೆ," ಎಂದರು ಪಿಸುದನಿಯಲ್ಲಿ. "ಇಲ್ಲಿ ಕ್ಷೌರದಂಗಡಿಯೋನು ನನ್ನ ಭಾವಮೈದ. ಊರಿಗೆಲ್ಲ ಟಾಂಟಾಂ ಹೊಡೀತಾನೆ." ಆಮೇಲೆ ಗಾಬರಿಯಾಗಿ, "ಬರಕೊಂಡ್ಯಾ?"

"ಹೂಂ ಸರ್. ಖರೀದಿಗೆ ಅಂತ."

ಅವರು ಹಾಳೆಗಳನ್ನೆಲ್ಲ ಜೋಪಾನವಾಗಿ ಚೀಲಕ್ಕೆ ಸೇರಿಸಿದರು. "ನಾಳೆ ಬೇಗ ಬಾ," ಎಂದರು.